ಮುಚ್ಚಳದ ತಪ್ಪಿಗೆ ಕೈಗೆ ಬೈಗುಳ

ಕಳೆದ ಬೇಸಿಗೆಯಲ್ಲಿ ನಮ್ಮೂರಿನ ಹುಡುಗನೊಬ್ಬ ಅಮೆರಿಕದಿಂದ ವಿಡಿಯೋ ಕಾಲ್ ಮಾಡಿದ್ದ. ಸಾಫ್ಟ್‌ವೇರ್ ಕೆಲಸ, ಬಿಡುವಿದ್ದಾಗ ಮನೆಯಲ್ಲೇ ಬಿಯರ್ ತಯಾರಿಸುವ ಹವ್ಯಾಸ. (ಅಲ್ಲಿ ಅದಕ್ಕೆ ಕಾನೂನಿನ ಒಪ್ಪಿಗೆಯಿದೆ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಮಾಡಿದರೆ ಅಬಕಾರಿಯವರು ಮನೆಗೆ ಬರುತ್ತಾರೆ. ಯಾರೂ ಕೈ ಹಾಕಬೇಡಿ.) ಅವನ ಬಲಗೈಯ ಎರಡು ಬೆರಳು ಕೆಂಪಗೆ ಸುಲಿದಿದ್ದವು. ಪಾತ್ರೆ, ಪೈಪುಗಳನ್ನು ಕ್ರಿಮಿಶುದ್ಧ ಮಾಡುವ ಗಟ್ಟಿ ದ್ರಾವಣ ಕೈಮೇಲೆ ಚೆಲ್ಲಿತ್ತಂತೆ.

ಪಕ್ಕದಲ್ಲಿ ಕೂತಿದ್ದ ಅವನ ತಾಯಿ ಹೇಳಿದ ಮೊದಲ ಮಾತು, "ಚಿಕ್ಕಂದಿನಿಂದಲೂ ನಿನಗೆ ಅವಸರ ಕಣೋ."

"ಅವಸರ ಎಲ್ಲಮ್ಮ, ಮುಚ್ಚಳ ಬಿಗಿಯಾಗಿತ್ತು. ಒತ್ತಿ ತಿರುಗಿಸಬೇಕಲ್ಲ, ಬಾಟಲಿಯನ್ನ ಗಟ್ಟಿಯಾಗಿ ಹಿಡಿದೆ. ಹಿಡಿದಿದ್ದಕ್ಕೇ ಒಳಗಿದ್ದದ್ದು ಚಿಮ್ಮಿತು," ಎಂದ.

ಆ ಮಾತು ನಮ್ಮ ತಲೆಯಲ್ಲಿ ಉಳಿಯಿತು. ಬಾಟಲಿ ತೆಳು ಪ್ಲಾಸ್ಟಿಕ್, ಹಿಡಿದರೆ ಒಳಕ್ಕೆ ಹೋಗುತ್ತದೆ. ಮುಚ್ಚಳವೋ ಜೋರಾಗಿ ಒತ್ತಿದರೆ ಮಾತ್ರ ತಿರುಗುತ್ತದೆ. ಎರಡನ್ನೂ ಒಟ್ಟಿಗೆ ಮಾಡು ಎಂದರೆ ದ್ರವ ಮೇಲಕ್ಕೆ ಬರದೆ ಇನ್ನೇನಾಗುತ್ತದೆ? ಆದರೂ ಬೈಗುಳ ಬಿದ್ದದ್ದು ಹುಡುಗನ ಅವಸರಕ್ಕೆ. ಚೆಲ್ಲಿದ್ದು ಯಾರ ತಪ್ಪು, ಕೈಯದೋ ಮುಚ್ಚಳದ್ದೋ? ಇದೇ ಪ್ರಶ್ನೆಗೆ ನೂರು ವರ್ಷದ ಇತಿಹಾಸವಿದೆ. ಹುಡುಕುತ್ತಾ ಹೋದಾಗ ನಮಗೆ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಆ ದ್ರಾವಣದ ವಿಷಯ. ಅಮೆರಿಕದಲ್ಲಿ ಪಾನನಿಷೇಧ 1933ರಲ್ಲಿ ಮುಗಿದರೂ ಮನೆಯಲ್ಲಿ ಬಿಯರ್ ಮಾಡುವುದಕ್ಕೆ ಒಪ್ಪಿಗೆ ಸಿಕ್ಕಿರಲಿಲ್ಲ. 1978ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯಿಂದ ಆ ದಾರಿ ತೆರೆಯಿತು. ಅಡುಗೆಮನೆಗಳಿಗೆ ದೊಡ್ಡ ಡಬ್ಬಿ, ಪೈಪು, ಯೀಸ್ಟ್ ಬಂದವು. ಜೊತೆಗೆ ಕಾರ್ಖಾನೆ, ಡೇರಿಗಳಲ್ಲಿ ಬಳಸುತ್ತಿದ್ದ ಬಗೆಯ ಶುದ್ಧೀಕರಣ ದ್ರಾವಣಗಳೂ ಬಂದವು. ಹುದುಗು ಬರಿಸುವ ಕೆಲಸದಲ್ಲಿ ಬೇಡದ ಒಂದು ಕ್ರಿಮಿ ಸೇರಿದರೂ ಇಡೀ ಪಾತ್ರೆ ಹುಳಿ. ಮೊಸರಿಗೆ ಹೆಪ್ಪು ಹಾಕುವ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಬಗೆ ಅಯೋಡೋಫೋರ್, ಅಂದರೆ ಅಯೋಡಿನ್ ದ್ರಾವಣ. ಹಸು ಕರೆದ ಮೇಲೆ ಕೆಚ್ಚಲು ಬಾವು ಬರದಿರಲಿ ಎಂದು ಮೊಲೆತೊಟ್ಟು ಅದ್ದುವ ಕಂದುಬಣ್ಣದ ಔಷಧಿ ಇದೆಯಲ್ಲ, ಅದರ ಹತ್ತಿರದ ಸಂಬಂಧಿ. ಇನ್ನೊಂದು ಬಗೆ ಫಾಸ್ಫಾರಿಕ್ ಆಮ್ಲಕ್ಕೆ ಸೋಪಿನಂಥ ನೊರೆ ಬರುವ ರಾಸಾಯನಿಕ ಬೆರೆಸಿದ್ದು. ಇದನ್ನು 19 ಲೀಟರ್ ನೀರಿಗೆ 30 ಮಿಲಿ ಹಾಕಿದರೆ ಸಾಕು. ಹಾಗೆ ಬೆರೆಸಿದ ಮೇಲೆ ಅದು ಸೌಮ್ಯ, ಪಾತ್ರೆಯನ್ನು ಮತ್ತೆ ತೊಳೆಯುವುದೂ ಬೇಡ. ಬೆರೆಸುವ ಮೊದಲು ಮಾತ್ರ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣಿಗೇ ಅಪಾಯ. ನೆಲದ ಮೇಲೆ ಚೆಲ್ಲಿದರೆ ಸುಣ್ಣದ ಅಂಶವಿರುವ ಕಲ್ಲನ್ನು ತಿನ್ನುತ್ತದೆ. ನಮ್ಮ ಶಹಾಬಾದ್ ಕಲ್ಲಿನ ಮೇಲೆ ಟಾಯ್ಲೆಟ್ ಆಸಿಡ್ ಬಿದ್ದಾಗ ಬುಸ್ ಎಂದು ಗುಳ್ಳೆ ಏಳುವುದನ್ನು ನೋಡಿರುತ್ತೀರಿ, ಹಾಗೆಯೇ.

ಅಂದರೆ ತೊಂದರೆ ಇರುವುದು ಆ 30 ಮಿಲಿ ಬಾಟಲಿಯಿಂದ ಹೊರಬರುವ ಕ್ಷಣದಲ್ಲಿ. ನೊರೆಯ ರಾಸಾಯನಿಕ ಇರುವುದರಿಂದ ಅದು ನೀರಿಗಿಂತ ಸುಲಭವಾಗಿ ಸಂದಿಗೆ ಇಳಿಯುತ್ತದೆ. ಮುಚ್ಚಳದ ಸುತ್ತಿನಲ್ಲಿ ಉಳಿದ ಒಂದು ಹನಿ ಬಾಟಲಿಯ ಹೊರಮೈಗೆ ಹರಿದು, ಮುಂದಿನ ಸಲ ಮುಟ್ಟುವವರ ಅಂಗೈ ಸೇರುತ್ತದೆ.

ಇಲ್ಲಿ ಒಂದು ತಮಾಷೆ. ಮುಚ್ಚಳದ ವಿದ್ಯೆ ಚೆನ್ನಾಗಿ ಗೊತ್ತಿರಬೇಕಾದದ್ದು ಇದೇ ಕಸುಬಿನವರಿಗೆ. ಬಿಯರ್ ಬಾಟಲಿಯ ಹಲ್ಲುಹಲ್ಲಿನ ತಗಡಿನ ಬಿರಡೆಯನ್ನು ಅಮೆರಿಕದ ಬಾಲ್ಟಿಮೋರ್‌ನ ವಿಲಿಯಂ ಪೇಂಟರ್ 1892ರಲ್ಲೇ ಪೇಟೆಂಟ್ ಮಾಡಿಸಿದ. ಅದಕ್ಕೂ 20 ವರ್ಷ ಮೊದಲು, 1872ರಲ್ಲಿ, ಇಂಗ್ಲೆಂಡಿನ ಹೈರಂ ಕಾಡ್ ಮಾಡಿದ ಬಾಟಲಿಯೇ ನಮ್ಮ ಜಾತ್ರೆಗಳ ಗೋಲಿ ಸೋಡಾ. ಒಳಗಿನ ಗ್ಯಾಸೇ ಗೋಲಿಯನ್ನು ಮೇಲಕ್ಕೆ ಒತ್ತಿ ಬಾಯಿ ಮುಚ್ಚುತ್ತದೆ. ಕುಡಿಯುವ ಸೋಡಾದ ಒಂದು ಹನಿ ಪೋಲಾಗಬಾರದು ಎಂದು ಇಷ್ಟೆಲ್ಲ ತಲೆ ಓಡಿಸಿದರು. ವಿಷದ ಬಾಟಲಿಯ ಬಗ್ಗೆ ಅಷ್ಟು ತಲೆ ಓಡಲು ಇನ್ನೂ ಬಹಳ ಕಾಲ ಬೇಕಾಯಿತು.

ಆ ಕಡೆ ಮೊದಲು ಕಣ್ಣು ಹಾಯಿಸಿದವರಲ್ಲಿ ಒಬ್ಬರು ಡಾ. ಶೆವಲಿಯರ್ ಜಾಕ್ಸನ್. 1865ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಹುಟ್ಟಿದವರು, ಗಂಟಲಿನ ವೈದ್ಯರು. ಮಕ್ಕಳು ನುಂಗಿದ ಪಿನ್ನು, ಗುಂಡಿ, ನಾಣ್ಯಗಳನ್ನು ಉದ್ದನೆಯ ಕೊಳವೆ ಇಳಿಸಿ ಹೊರತೆಗೆಯುವುದರಲ್ಲಿ ಹೆಸರುವಾಸಿ. ಹಾಗೆ ತೆಗೆದ 2,000ಕ್ಕೂ ಹೆಚ್ಚು ವಸ್ತುಗಳು ಫಿಲಡೆಲ್ಫಿಯಾದ ಮ್ಯೂಟರ್ ಮ್ಯೂಸಿಯಂನಲ್ಲಿ ಈಗಲೂ ಇವೆ. ಆದರೆ ಅವರನ್ನು ನಿಜಕ್ಕೂ ಕಾಡಿದ್ದು ನಾಣ್ಯ ನುಂಗಿದ ಮಕ್ಕಳಲ್ಲ, 'ಲೈ' ನುಂಗಿದ ಮಕ್ಕಳು.

ಲೈ ಅಂದರೆ ಕಾಸ್ಟಿಕ್ ಸೋಡಾ. ಆಗ ಅಲ್ಲಿನ ಮನೆಮನೆಯಲ್ಲೂ ಇತ್ತು. ಸೋಪು ಮಾಡಲು, ಕಟ್ಟಿಕೊಂಡ ಮೋರಿ ಬಿಡಿಸಲು, ನೆಲ ಉಜ್ಜಲು ಬೇಕಾಗುತ್ತಿತ್ತು. ನೋಡಲು ಬೆಳ್ಳಗೆ, ಸಕ್ಕರೆಯಂತೆ. ಡಬ್ಬಿ ಅಡುಗೆಮನೆಯಲ್ಲೇ ಇರುತ್ತಿತ್ತು, ವಿಷ ಎಂಬ ಮಾತು ಅದರ ಮೇಲೆ ಇರಲೇಬೇಕೆಂಬ ದೇಶವ್ಯಾಪಿ ಕಾನೂನಿರಲಿಲ್ಲ. ಮಗು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರೆ ಅನ್ನನಾಳ ಸುಟ್ಟು, ಗಾಯ ಮಾಯುವಾಗ ಕುಗ್ಗಿ ಮುಚ್ಚಿಹೋಗುತ್ತಿತ್ತು. ಮಗು ಬದುಕಿದ್ದೂ ನೀರು ಇಳಿಯುವುದಿಲ್ಲ. ಹೊಟ್ಟೆಗಿಲ್ಲದೆ ಒಣಗಿ ಎಲುಬಾದ ಮಕ್ಕಳನ್ನು ಎತ್ತಿಕೊಂಡು ತಾಯಂದಿರು ಅವರ ಬಳಿ ಬರುತ್ತಿದ್ದರು. ಅಂಥ ಒಬ್ಬ ಬಾಲಕಿಯ ಬಗ್ಗೆ ಜಾಕ್ಸನ್ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಗಂಟಲ ಅಡೆತಡೆ ತೆಗೆದ ಮೇಲೆ ನೀರು ಕೊಟ್ಟರೆ, ಎಂದಿನಂತೆ ವಾಪಸ್ ಬರುತ್ತದೆಂದು ಹೆದರಿ ಒಂದೇ ಗುಟುಕು ಕುಡಿದಳು. ಬರಲಿಲ್ಲ. ಇನ್ನೊಂದು ಗುಟುಕು ಕುಡಿದಳು. ಆಮೇಲೆ ಲೋಟ ಸರಿಸಿ ವೈದ್ಯರ ಕೈಗೆ ಮುತ್ತಿಟ್ಟಳು.

ಜಾಕ್ಸನ್ ಆ ತಾಯಂದಿರಿಗೆ ಬುದ್ಧಿ ಹೇಳಿ ಸುಮ್ಮನಾಗಬಹುದಿತ್ತು. ಆ ಕಾಲದ ವೈದ್ಯರಿಗೆ ಅದೇ ಸುಲಭ. ಅವರು ಹಾಗೆ ಮಾಡದೆ ಡಬ್ಬಿಯ ಹಿಂದೆ ಬಿದ್ದರು. ಔಷಧಿ ಅಂಗಡಿಯವ ವಿಷ ಮಾರಿದರೆ ಚೀಟಿ ಅಂಟಿಸಬೇಕು, ದಿನಸಿ ಅಂಗಡಿಯವ ಮಾರಿದರೆ ಏಕೆ ಬೇಡ ಎಂಬುದು ಅವರ ವಾದ. ವರ್ಷಾನುಗಟ್ಟಲೆ ಓಡಾಡಿದರು. ಕೊನೆಗೆ 1927ರ ಮಾರ್ಚ್ 4ರಂದು ಅಧ್ಯಕ್ಷ ಕೂಲಿಜ್ ಸಹಿ ಹಾಕಿ ಕಾಸ್ಟಿಕ್ ಪಾಯ್ಸನ್ ಕಾಯ್ದೆ ಜಾರಿಯಾಯಿತು. ಲೈ ಮತ್ತು ಅಂಥ ಸುಡುವ ರಾಸಾಯನಿಕಗಳ ಮೇಲೆ 'ವಿಷ' ಎಂಬ ಪದ, ನುಂಗಿದರೆ ಏನು ಮಾಡಬೇಕು ಎಂಬ ಸೂಚನೆ ಕಡ್ಡಾಯವಾಯಿತು.

ದೊಡ್ಡ ಗೆಲುವು, ಆದರೆ ಅರ್ಧ ಗೆಲುವು. ಎರಡು ವರ್ಷದ ಮಗು ಚೀಟಿ ಓದುವುದಿಲ್ಲವಲ್ಲ.

ಉಳಿದರ್ಧಕ್ಕೆ ಇನ್ನೂ 40 ವರ್ಷ ಬೇಕಾಯಿತು. ಕೆನಡಾದ ವಿಂಡ್ಸರ್ ಊರಿನ ಮಕ್ಕಳ ವೈದ್ಯ ಡಾ. ಹೆನ್ರಿ ಬ್ರೋ ಅಲ್ಲಿನ ವಿಷ ಚಿಕಿತ್ಸಾ ಕೇಂದ್ರದ ಹೊಣೆ ಹೊತ್ತಿದ್ದರು. ಮಾತ್ರೆ ನುಂಗಿದ ಮಕ್ಕಳ ಹೊಟ್ಟೆ ತೊಳೆಯುವುದೇ ನಿತ್ಯದ ಕೆಲಸ. ಒಂದು ರಾತ್ರಿ ಮೂರು ಗಂಟೆಗೆ ಅಂಥದ್ದೇ ಒಂದು ಮಗುವನ್ನು ನೋಡಿ ಮನೆಗೆ ಬಂದವರು, ಇದಕ್ಕೆ ಏನಾದರೂ ಮಾಡಲೇಬೇಕು ಎಂದು ಹೆಂಡತಿಗೆ ಹೇಳಿದರಂತೆ. ಪೋಷಕರಿಗೆ ತಿಳಿವಳಿಕೆ ಕೊಡುವ ಪ್ರಯತ್ನ ಆಗಲೇ ಆಗಿತ್ತು, ಸಂಖ್ಯೆ ಇಳಿದಿರಲಿಲ್ಲ. ಅವರು ಅಚ್ಚು ತಯಾರಿಸುವ ಕಾರ್ಖಾನೆಯ ಪೀಟರ್ ಹೆಜ್‌ವಿಕ್ ಜೊತೆ ಸೇರಿ 1967ರಲ್ಲಿ ಒಂದು ಮುಚ್ಚಳ ತಂದರು. ಅಂಗೈಯಿಂದ ಒತ್ತಿ ತಿರುಗಿಸಿದರೆ ಮಾತ್ರ ತೆರೆಯುತ್ತದೆ, ಸುಮ್ಮನೆ ತಿರುಗಿಸಿದರೆ ಕಟಕಟ ಎನ್ನುತ್ತಾ ಸುತ್ತುತ್ತಿರುತ್ತದೆ. ಇಂದು ನಮ್ಮ ಮೆಡಿಕಲ್ ಶಾಪಿನ ಕೆಲವು ಸಿರಪ್ ಬಾಟಲಿಗಳಲ್ಲೂ ಅಂಥದ್ದು ಇದೆ. ವಿಂಡ್ಸರ್ ಸುತ್ತಿನ ಔಷಧಿ ಅಂಗಡಿಗಳವರು ಅದನ್ನು ಬಳಸತೊಡಗಿದ ಮೇಲೆ ಅಲ್ಲಿ ಮಕ್ಕಳ ವಿಷಪ್ರಕರಣ ಶೇ 91ರಷ್ಟು ಇಳಿಯಿತು. ತಾಯಂದಿರು ಅದೇ ತಾಯಂದಿರು, ಮಕ್ಕಳು ಅದೇ ಮಕ್ಕಳು. ಬದಲಾದದ್ದು ಮುಚ್ಚಳ ಒಂದೇ.

1970ರ ಡಿಸೆಂಬರ್ 30ರಂದು ಅಮೆರಿಕದಲ್ಲಿ ಇಂಥ ಮುಚ್ಚಳಕ್ಕೇ ಒಂದು ಕಾಯ್ದೆ ಬಂತು. ಜಾಕ್ಸನ್ ಹೋರಾಡಿದ ಕಾಸ್ಟಿಕ್ ಸೋಡಾ ಕೂಡ ಮುಂದೆ ಅದರ ಪಟ್ಟಿಗೆ ಸೇರಿತು. ಆ ಕಾಯ್ದೆಯಡಿಯ ಪರೀಕ್ಷೆ ಓದಲು ಬಲು ಮಜಾ. ಸುಮಾರು ಮೂರೂವರೆಯಿಂದ ನಾಲ್ಕೂಕಾಲು ವರ್ಷದ ಮಕ್ಕಳನ್ನು ಜೋಡಿ ಜೋಡಿಯಾಗಿ ಕೂರಿಸಿ, ಕೈಗೆ ಬಾಟಲಿ ಕೊಟ್ಟು ತೆರೆಯಿರಿ ಎನ್ನುತ್ತಾರೆ. ಐದು ನಿಮಿಷ ಸಮಯ. ಆಗಲಿಲ್ಲವೇ, ದೊಡ್ಡವರೊಬ್ಬರು ತೆರೆದು ತೋರಿಸುತ್ತಾರೆ, ಬೇಕಾದರೆ ಹಲ್ಲಿನಿಂದ ಕಚ್ಚಿ ತೆರೆಯಬಹುದು ಎಂದೂ ಹೇಳುತ್ತಾರೆ, ಮತ್ತೆ ಐದು ನಿಮಿಷ. ಅಷ್ಟಾದರೂ ನೂರರಲ್ಲಿ 80 ಮಕ್ಕಳು ಸೋಲಬೇಕು. ಆಗ ಮುಚ್ಚಳ ಪಾಸ್.

ದೊಡ್ಡವರಿಗೂ ಪರೀಕ್ಷೆ ಇತ್ತು, ಆದರೆ 45 ವರ್ಷದೊಳಗಿನವರಿಗೆ. ಇದೇ ಎಡವಟ್ಟಾಯಿತು. ಬೆರಳು ನೋಯುವ ಅಜ್ಜ ಅಜ್ಜಿಯರಿಗೆ ಮುಚ್ಚಳ ತೆರೆಯಲಾಗದೆ, ಒಮ್ಮೆ ಯಾರಿಂದಲೋ ತೆಗೆಸಿಕೊಂಡು ಆಮೇಲೆ ಮುಚ್ಚದೆಯೇ ಇಡುತ್ತಿದ್ದರು, ಇಲ್ಲವೇ ಬೇರೆ ಡಬ್ಬಿಗೆ ಸುರಿದುಕೊಳ್ಳುತ್ತಿದ್ದರು. ಮೊಮ್ಮಕ್ಕಳು ಮನೆಗೆ ಬಂದಾಗ ಅಪಾಯ ಅಲ್ಲೇ ಕಾದಿರುತ್ತಿತ್ತು. 1995ರಲ್ಲಿ ನಿಯಮ ತಿದ್ದಿ 50ರಿಂದ 70 ವರ್ಷದವರೂ ತೆರೆಯುವಂತಿರಬೇಕು ಎಂದರು.

ನಮ್ಮ ಹುಡುಗನ ಬೆರಳು ಸುಟ್ಟದ್ದರ ಗುಟ್ಟೂ ಇಲ್ಲೇ ಇದೆ ಎಂದು ನಮಗನಿಸುತ್ತದೆ. ಆ ಪರೀಕ್ಷೆ ಕೇಳುವುದು ಯಾರು ತೆರೆಯಬಲ್ಲರು, ಯಾರು ತೆರೆಯಲಾರರು ಎಂದು. ತೆರೆದವನ ಕೈಮೇಲೆ ಹನಿ ಬಿತ್ತೇ ಎಂದು ಅದು ಕೇಳುವುದಿಲ್ಲ. ಮಾತ್ರೆಯ ಬಾಟಲಿಗೆ ಹುಟ್ಟಿದ ಉಪಾಯವನ್ನು ಮೆತ್ತನೆಯ ದ್ರವದ ಬಾಟಲಿಗೆ ಹಾಗೇ ಕೂರಿಸಿದರೆ, ಮಗುವಿನಿಂದ ಕಾಪಾಡಿದ ಮುಚ್ಚಳವೇ ದೊಡ್ಡವನ ಕೈ ಸುಡುತ್ತದೆ.

ಇದೆಲ್ಲ ದೂರದ ಕಥೆ ಅನ್ನಬೇಡಿ. ಕೀಟನಾಶಕದ ಬಾಟಲಿ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಬಣ್ಣದ ಹರಳಿನಾಕಾರದ ಗುರುತು ನೋಡಿದ್ದೀರಲ್ಲ? ಅದರ ಹಿಂದೆಯೂ ಒಂದು ಚೆಲ್ಲಿದ ವಿಷ ಇದೆ. 1958ರಲ್ಲಿ ಕೇರಳದಲ್ಲಿ ಗೋಧಿಹಿಟ್ಟು ತಿಂದವರು ಸಾಲುಸಾಲಾಗಿ ಸತ್ತರು, ನೂರಕ್ಕೂ ಹೆಚ್ಚು ಜನ. ಸಾಗಣೆಯಲ್ಲಿ ಆಹಾರದ ಮೂಟೆಗಳ ಜೊತೆಗೇ ಇದ್ದ ಪ್ಯಾರಾಥಿಯಾನ್ ಎಂಬ ಕೀಟನಾಶಕ ಸೋರಿ ಅದಕ್ಕೆ ಬೆರೆತಿತ್ತು. ನ್ಯಾಯಮೂರ್ತಿ ಜೆ.ಸಿ. ಶಾ ಆಯೋಗ ವಿಚಾರಣೆ ಮಾಡಿತು. ಮುಂದೆ 1968ರ ಕೀಟನಾಶಕ ಕಾಯ್ದೆ, 1971ರ ನಿಯಮಗಳು ಬಂದವು. ಬಣ್ಣದ ಗುರುತು ಅವುಗಳಿಂದ ಬಂದದ್ದು. ಆಹಾರಕ್ಕೆ, ಮೇವಿಗೆ ತಾಗುವಂತೆ ಕೀಟನಾಶಕ ಸಾಗಿಸಬಾರದು, ಇಡಬಾರದು ಎಂದೂ ಅದೇ ನಿಯಮಗಳಲ್ಲಿದೆ. ಖಾಲಿ ಡಬ್ಬಿಯನ್ನು ಒಡೆದು ಊರಾಚೆ ಹೂಳಬೇಕು ಎಂದೂ ಇದೆ. ನಮ್ಮೂರಲ್ಲಿ ಖಾಲಿ ಡಬ್ಬಿ ಎಲ್ಲಿರುತ್ತದೆ ಎಂದು ಬರೆದರೆ ಜಗಳವಾಗುತ್ತದೆ, ಬಿಡಿ.

ಈ ಬರಹ ಬರೆಯುತ್ತಿದ್ದಾಗಲೇ ನಮ್ಮ ಬೀದಿಗೆ ಫಿನಾಯಿಲ್, ಆಸಿಡ್ ಮಾರುವವರು ಟಿವಿಎಸ್ ಗಾಡಿಯಲ್ಲಿ ಬಂದರು. ಎರಡು ಕಡೆ ಬುಟ್ಟಿ, ಅದರ ತುಂಬ ನೀರಿನ, ಜ್ಯೂಸಿನ ಹಳೇ ಬಾಟಲಿಗಳು, ಒಳಗೆ ಹಳದಿ ಬಣ್ಣದ ಆಸಿಡ್. ಕೆಲವಕ್ಕೆ ಮುಚ್ಚಳ ಸರಿಯಾಗಿ ಕೂತಿರಲಿಲ್ಲ, ಪ್ಲಾಸ್ಟಿಕ್ ಕವರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದರು. ಅವರ ಪ್ಯಾಂಟಿನ ಮೊಣಕಾಲ ಬಳಿ ಬಟ್ಟೆ ತೂತುತೂತಾಗಿತ್ತು.

"ಯಜಮಾನ್ರೇ, ಚೆಲ್ಲಲ್ವಾ ಇದು?" ಎಂದು ಕೇಳಿದೆವು.

"ಚೆಲ್ಲುತ್ತೆ ಸಾರ್, ಹುಷಾರಾಗಿ ಇರ್ಬೇಕು ಅಷ್ಟೇ," ಎಂದರು. "ಬಾಟ್ಲಿ ನಿಮ್ದೇ ತಂದ್ರೆ ಐದು ರೂಪಾಯಿ ಕಮ್ಮಿ."