ಕಲ್ಲಿನಲ್ಲಿ ಬೆಳೆದ ಬಟಾಣಿ

ಇಂಗ್ಲೆಂಡಿನ ಪೂರ್ವ ಕರಾವಳಿಯ ಸಫೊಕ್‌ನಲ್ಲಿ ಆಲ್ಡ್‌ಬರೊ ಮತ್ತು ಆರ್ಫರ್ಡ್ ಅಂತ ಎರಡು ಊರುಗಳಿವೆ. ಇವುಗಳ ನಡುವೆ ಸಮುದ್ರದಂಚಿಗೆ ಮೈಲುಗಟ್ಟಲೆ ಚಾಚಿರುವುದು ಮರಳಲ್ಲ, ಬರೀ ಉರುಟು ಕಲ್ಲು. ಮಣ್ಣಿನ ಹೆಸರೇ ಇಲ್ಲ. 1555ರಲ್ಲಿ ಮಳೆ ಹೆಚ್ಚಾಗಿ ದೇಶದ ಪೈರೆಲ್ಲ ಹಾಳಾದಾಗ, ಈ ಕಲ್ಲುರಾಶಿಯ ಮೇಲೆ ಯಾರೂ ಬಿತ್ತದ ಬಟಾಣಿ ತುಂಬಿಕೊಂಡಿತಂತೆ!

ಇದನ್ನು ಬರೆದಿಟ್ಟವನು ಜಾನ್ ಸ್ಟೋ ಎಂಬ ಇತಿಹಾಸಕಾರ. ಬಡವರು ನೂರು ಕ್ವಾರ್ಟರ್‌ಗಿಂತ ಹೆಚ್ಚು ಕಾಳು ಬಿಡಿಸಿಕೊಂಡರು ಅಂತ ಜನರ ಅಂದಾಜನ್ನು ದಾಖಲಿಸುತ್ತಾನೆ. ಅಂದರೆ ಎಂಟುನೂರು ಬುಷೆಲ್, ನಮ್ಮ ಲೆಕ್ಕದಲ್ಲಿ ಸುಮಾರು 29 ಸಾವಿರ ಲೀಟರ್. ಅಷ್ಟು ಬಿಡಿಸಿದ ಮೇಲೂ ಗಿಡದಲ್ಲಿ ಕಾಯಿ, ಹೂ ಮೊದಲಿನಷ್ಟೇ ಇತ್ತಂತೆ. ಸುದ್ದಿ ಕೇಳಿ ನಾರ್ವಿಚ್‌ನ ಬಿಷಪ್ ಮತ್ತು ಲಾರ್ಡ್ ವಿಲ್ಲೋಬಿ ಕುದುರೆ ಏರಿ ನೋಡಲು ಬಂದರು. ಬೇರಿನ ಕೆಳಗೆ ಒಂಬತ್ತು ಅಡಿಯವರೆಗೂ ಅವರಿಗೆ ಸಿಕ್ಕಿದ್ದು ಕಲ್ಲು ಮಾತ್ರ. ಬೇರು ಉದ್ದವಾಗಿತ್ತು, ಸಿಹಿಯಾಗಿತ್ತು.

ಜನ ಪವಾಡ ಅಂದರು. ಹೊಟ್ಟೆ ಹಸಿದವರಿಗೆ ಬೇರೆ ಏನು ಅನ್ನಿಸಬೇಕು ಹೇಳಿ. ಆದರೆ ವಿಲಿಯಂ ಕ್ಯಾಮ್ಡೆನ್ ತನ್ನ ‘ಬ್ರಿಟಾನಿಯಾ’ದಲ್ಲಿ ಬೇರೆಯದೇ ಮಾತು ಹೇಳುತ್ತಾನೆ. ಒಡೆದ ಹಡಗಿನ ಕಾಳುಗಳು ದಡಕ್ಕೆ ಬಿದ್ದು ಮೊಳೆತವು, ಪವಾಡವೇನೂ ಇಲ್ಲ ಅಂತ ತಿಳಿದವರು ನಂಬಿದ್ದರಂತೆ. ನನಗನ್ನಿಸುವುದು ಇಬ್ಬರದೂ ತಪ್ಪು. ಅದು ಊರಿನ ಬಟಾಣಿಯಲ್ಲ, ಅಲ್ಲೇ ಮೊದಲಿನಿಂದ ಇದ್ದ ಕಡಲ ಬಟಾಣಿ. ಉಳಿದ ವರ್ಷಗಳಲ್ಲಿ ಅದನ್ನು ಯಾರು ತಿರುಗಿ ನೋಡಬೇಕು? ಹಸಿವು ಬಂದಾಗ ಕಣ್ಣಿಗೆ ಬಿತ್ತು, ಅಷ್ಟೆ.

ಆ ಬಿಷಪ್ ಯಾರು ಅಂತ ಹುಡುಕಿದರೆ ಕಥೆಯ ಬಣ್ಣ ಬದಲಾಗುತ್ತದೆ. ಆತ ಜಾನ್ ಹಾಪ್ಟನ್, ರಾಣಿ ಮೇರಿಯ ಕಾಲದಲ್ಲಿ ಪ್ರಾಟೆಸ್ಟೆಂಟರನ್ನು ಬೇಟೆಯಾಡಿದವರಲ್ಲಿ ಒಬ್ಬ. ಇದೇ ಸಫೊಕ್‌ನ ರಾಬರ್ಟ್ ಸ್ಯಾಮ್ಯುಯೆಲ್ ಎಂಬ ಪಾದ್ರಿಯನ್ನು ಆತನ ಸೆರೆಯಲ್ಲಿ ದಿನಕ್ಕೆ ಎರಡು ಮೂರು ತುತ್ತು ರೊಟ್ಟಿ, ಮೂರು ಚಮಚ ನೀರಿನಲ್ಲಿ ಇಟ್ಟಿದ್ದರು ಅಂತ ಜಾನ್ ಫಾಕ್ಸ್ ಬರೆಯುತ್ತಾನೆ. ಫಾಕ್ಸ್ ಪ್ರಾಟೆಸ್ಟೆಂಟ್ ಪಕ್ಷದವನು, ಅದನ್ನು ನೆನಪಿಟ್ಟುಕೊಂಡೇ ಓದಬೇಕು. ಆದರೆ ಸ್ಯಾಮ್ಯುಯೆಲ್‌ನನ್ನು 1555ರ ಆಗಸ್ಟ್ 31ರಂದು ಇಪ್ಸ್‌ವಿಚ್‌ನಲ್ಲಿ ಸುಟ್ಟದ್ದು ನಿಜ. ಕಲ್ಲಿನ ಮೇಲೆ ಬಡವರ ಅನ್ನ ನೋಡಲು ಬಂದವನೂ, ಸೆರೆಯಲ್ಲಿ ಒಬ್ಬನನ್ನು ಉಪವಾಸ ಕೆಡವಿದವನೂ ಒಬ್ಬನೇ, ಅದೂ ಒಂದೇ ವರ್ಷದಲ್ಲಿ..

ಸರಿ, ಗಿಡಕ್ಕೆ ಬರೋಣ. ಲಿನೇಯಸ್ 1753ರಲ್ಲಿ ಇದನ್ನು ಬಟಾಣಿಯ ಜೊತೆಗೇ ಸೇರಿಸಿದ್ದ. ಈಗ ಇದು ಲ್ಯಾಥೈರಸ್ ಜಪಾನಿಕಸ್. ನೆಲಕ್ಕೆ ಒರಗಿ ಹಬ್ಬುತ್ತದೆ, ನೇರಳೆ ಹೂ ಬಾಡುತ್ತಾ ನೀಲಿಗೆ ತಿರುಗುತ್ತದೆ. ಬೇರು ಕಲ್ಲಿನ ಸಂದಿಯಲ್ಲಿ ಆಳಕ್ಕಿಳಿದು ನೀರು ಹುಡುಕುತ್ತದೆ. ಬೇರಿನ ಗಂಟಿನಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದುಕೊಡುವುದರಿಂದ ಗೊಬ್ಬರದ ಹಂಗಿಲ್ಲ. ಬೀಜ ಉಪ್ಪುನೀರಿನಲ್ಲಿ ತೇಲಿಕೊಂಡು ದೂರದ ದಡ ಸೇರಿ ಮೊಳೆಯಬಲ್ಲದು, ಹಾಗಾಗಿಯೇ ಜಪಾನಿನಿಂದ ಕೆನಡಾದವರೆಗೂ ಇದೆ. ನಮ್ಮ ಕರಾವಳಿಯ ಅಡುಂಬು ಬಳ್ಳಿಯದೂ ಇಂಥದೇ ಬದುಕು, ಆದರೆ ಕಡಲ ಬಟಾಣಿ ತಂಪು ನಾಡಿನದು, ಮಂಗಳೂರಿನ ಬಿಸಿಲಿಗೆ ಬಾರದು.

ಲ್ಯಾಥೈರಸ್ ಅಂದಕೂಡಲೇ ಕೆಲವರಿಗೆ ಕೇಸರಿ ಬೇಳೆ ನೆನಪಾಗಿರಬೇಕು. ಹೌದು, ಅದೇ ಕುಲ. 1829ರಿಂದ ಮಧ್ಯಭಾರತದ ಸಾಗರ್ ಸೀಮೆಯಲ್ಲಿ ಗೋಧಿ ಕೈಕೊಟ್ಟು, ಜನ ಕೇಸರಿ ಬೇಳೆಯನ್ನೇ ತಿಂದು, ಎಷ್ಟೋ ಹರೆಯದವರ ಕಾಲಿನ ಸ್ವಾಧೀನ ತಪ್ಪಿತು. ಸ್ಲೀಮನ್ 1844ರ ತನ್ನ ಪುಸ್ತಕದಲ್ಲಿ ಇದನ್ನು ವರ್ಣಿಸಿದ್ದಾನೆ. ಎರಡೂ ಕಡೆ ಪೈರು ಹೋಯಿತು, ಎರಡೂ ಕಡೆ ಬಡವರು ಸಿಕ್ಕಿದ ಕಾಳು ತಿಂದರು. ಒಂದು ಕಡೆಯದು ಪವಾಡವಾಗಿ ಪುಸ್ತಕ ಸೇರಿತು, ಇನ್ನೊಂದು ಕಡೆಯದು ರೋಗವಾಗಿ. ತಿಂಗಳುಗಟ್ಟಲೆ ಅದನ್ನೇ ತಿನ್ನುವುದಕ್ಕೂ ಒಂದು ಹಂಗಾಮಿನಲ್ಲಿ ತಿನ್ನುವುದಕ್ಕೂ ವ್ಯತ್ಯಾಸ ಇದೆ. ಆದ್ದರಿಂದ ಕಡಲ ಬಟಾಣಿಯನ್ನು ಹೂವಿಗಾಗಿ ಬೆಳೆಸಿ, ಸಾರಿಗಲ್ಲ.

ಇಂಗ್ಲೆಂಡಿನಲ್ಲೋ ಕೆನಡಾದಲ್ಲೋ ಕಡಲ ಪಕ್ಕದಲ್ಲಿ ಮನೆಯಿರುವ ಗೆಳೆಯರಿದ್ದರೆ ಪ್ರಯತ್ನಿಸಬಹುದು. ಅಲೆಗೆ ಸಿಕ್ಕಿ ಕಲ್ಲಿಗೆ ಉಜ್ಜಿ ಸವೆಯುವ ಬೀಜ ಇದು, ಸಿಪ್ಪೆ ಗಟ್ಟಿ. ಉಪ್ಪುಕಾಗದದಿಂದ ಸ್ವಲ್ಪ ತಿಕ್ಕಿ, ರಾತ್ರಿ ನೆನೆಸಿ, ಆಳದ ಕುಂಡದಲ್ಲಿ ಜಲ್ಲಿ ಮರಳು ಹೆಚ್ಚು ಹಾಕಿ ಬಿತ್ತಿ. ಉಪ್ಪನ್ನು ತಡೆಯುತ್ತದೆಯೇ ಹೊರತು ಅದಕ್ಕೆ ಉಪ್ಪು ಬೇಕೆಂದಿಲ್ಲ, ನೀರು ನಿಲ್ಲಬಾರದು ಅಷ್ಟೆ. ದಡದಿಂದ ಕಿತ್ತು ತರಲು ಮಾತ್ರ ಹೋಗಬೇಡಿ. ಬ್ರಿಟನ್ನಿನಲ್ಲಿ 1981ರ ಕಾಯಿದೆಯ ಪ್ರಕಾರ ಜಾಗದ ಒಡೆಯರ ಒಪ್ಪಿಗೆಯಿಲ್ಲದೆ ಕಾಡುಗಿಡ ಕೀಳುವುದು ಅಪರಾಧ. ಆರ್ಫರ್ಡ್ ನೆಸ್‌ಗೆ 1993ರಿಂದ ನ್ಯಾಷನಲ್ ಟ್ರಸ್ಟ್ ಒಡೆಯ. ಅದಕ್ಕೂ ಮೊದಲು ಅಲ್ಲಿ ಸೈನ್ಯ ಇತ್ತು, ಅಣುಬಾಂಬಿನ ಭಾಗಗಳನ್ನು ಪರೀಕ್ಷಿಸುತ್ತಿದ್ದರು. ಆ ಪಾಳುಕಟ್ಟಡಗಳ ಸುತ್ತಲ ಕಲ್ಲಿನಲ್ಲಿ ಈಗಲೂ ಈ ಬಟಾಣಿ ಹೂ ಬಿಡುತ್ತದೆ.