ಎಮರ್ಜೆನ್ಸಿಯಿಂದ ಕುಟುಂಬ ವೈದ್ಯರ ಕಡೆಗೆ

ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದವರಲ್ಲಿ ತುರ್ತಿಲ್ಲದವರನ್ನು ಬೇರೆಡೆಗೆ ಕಳಿಸಬಹುದೇ? ಅಮೆರಿಕದಲ್ಲಿ ಈ ಪ್ರಶ್ನೆಗೆ ಕಾನೂನಿನ ಕಟ್ಟು ಬಿದ್ದದ್ದು 1986ರಲ್ಲಿ. ಹಣವಿಲ್ಲದ ರೋಗಿಗಳನ್ನು ಖಾಸಗಿ ಆಸ್ಪತ್ರೆಗಳು ಸರ್ಕಾರಿ ಆಸ್ಪತ್ರೆಗಳಿಗೆ ಸಾಗಹಾಕುತ್ತಿದ್ದ ಕಾಲವದು. ಬಂದವರು ಯಾರೇ ಆಗಲಿ, ಮೊದಲು ಪರೀಕ್ಷಿಸಲೇಬೇಕೆಂದು ಎಮ್‌ಟಾಲಾ ಕಾಯ್ದೆ ವಿಧಿಸಿತು. ಪರೀಕ್ಷಿಸಿದ ಮೇಲೆ ತುರ್ತಿಲ್ಲವೆಂದು ಕಂಡರೆ ಕಳಿಸಲು ಅಡ್ಡಿಯಿರಲಿಲ್ಲ.

ಈ ಅವಕಾಶವನ್ನು ಗಟ್ಟಿಯಾಗಿ ಬಳಸಿದ್ದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದ ವಿಶ್ವವಿದ್ಯಾಲಯ ಆಸ್ಪತ್ರೆ. 1988ರಲ್ಲಿ ಅಲ್ಲಿನ ಟ್ರಯಾಜ್ ನರ್ಸ್‌ಗಳು, ಅಂದರೆ ಬಂದವರನ್ನು ಮೊದಲು ನೋಡಿ ತುರ್ತಿಗೆ ತಕ್ಕಂತೆ ವಿಂಗಡಿಸುವವರು, ನಾಡಿ, ಉಸಿರು, ರಕ್ತದೊತ್ತಡ ನೋಡಿ, ರೋಗಿ ಹೇಳುವ ತೊಂದರೆಯನ್ನು ಸಣ್ಣಪುಟ್ಟ ದೂರುಗಳ ಪಟ್ಟಿಯೊಂದಿಗೆ ತಾಳೆ ಹಾಕಿ, ಹೊರಗಿನ ಕ್ಲಿನಿಕ್‌ಗಳಿಗೆ ಕಳಿಸತೊಡಗಿದರು. ಆರು ತಿಂಗಳಲ್ಲಿ ಹೀಗೆ ಹೋದವರು ನಾಲ್ಕು ಸಾವಿರಕ್ಕೂ ಹೆಚ್ಚು. ದೊಡ್ಡ ಅನಾಹುತವೇನೂ ಆಗಲಿಲ್ಲವೆಂದು ಡರ್ಲೆಟ್ ಮತ್ತು ನಿಶಿಯೊ 1990ರಲ್ಲಿ ವರದಿ ಮಾಡಿದರು. ಆದರೆ 1994ರಲ್ಲಿ ಲೋ ಮತ್ತು ಸಂಗಡಿಗರು ಅದೇ ಮಾನದಂಡಗಳನ್ನು ಬೇರೆ ರೋಗಿಗಳ ದಾಖಲೆಗಳಿಗೆ ಹಚ್ಚಿದಾಗ, ವಾಪಸು ಹೋಗಬೇಕಾಗಿದ್ದ 106 ಮಂದಿಯಲ್ಲಿ ಮೂರನೇ ಒಂದು ಭಾಗದವರು ಬಂದದ್ದೇ ಸರಿಯಾಗಿತ್ತು. ನಾಲ್ವರು ದಾಖಲೂ ಆಗಿದ್ದರು.

ನನ್ನ ಮಟ್ಟಿಗೆ ಈ ಕ್ಷೇತ್ರ ದಿಕ್ಕು ಬದಲಿಸಿದ್ದು ಇಲ್ಲಿಂದಲೇ. ಬರೀ ಕಳಿಸಿದರೆ ಸಾಲದು, ಎಲ್ಲಿಗೆ, ಯಾವಾಗ ಎಂಬುದನ್ನೂ ಹೇಳಬೇಕು. 2002ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 156 ರೋಗಿಗಳ ಪೈಕಿ ಕೆಲವರಿಗೆ ಅದೇ ದಿನ ಚಿಕಿತ್ಸೆ, ಉಳಿದವರಿಗೆ ಮರುದಿನದ ಖಚಿತ ಭೇಟಿ ಸಿಕ್ಕಿತು. ಆರೋಗ್ಯದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಇಷ್ಟು ಚಿಕ್ಕ ಪ್ರಯೋಗದಿಂದ ಅಪರೂಪದ ಅಪಾಯಗಳು ತಿಳಿಯುವುದಿಲ್ಲ, ನಿಜ. ಆದರೂ ಆ ಭೇಟಿಯ ಖಾತರಿಗೆ ಬೆಲೆಯಿದೆ.

ಇಂಗ್ಲೆಂಡ್ ಕುಟುಂಬ ವೈದ್ಯರನ್ನೇ ಆಸ್ಪತ್ರೆಯೊಳಗೆ ಕರೆತಂದಿತು. ಅವರು ಎಕ್ಸ್‌ರೇ, ರಕ್ತಪರೀಕ್ಷೆಗಳನ್ನು ಕಡಿಮೆ ಬರೆಯುತ್ತಾರೆಂದು ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ಅಧ್ಯಯನ 1995ರಲ್ಲಿ ತೋರಿಸಿತ್ತು. 2017ರ ಬಜೆಟ್‌ನಲ್ಲಿ ಈ ವ್ಯವಸ್ಥೆಗೆಂದೇ 10 ಕೋಟಿ ಪೌಂಡ್ ಇಟ್ಟರು.

ಈ ನಡುವೆ, 2013ರಲ್ಲಿ, ಮಾರಿಯಾ ರೇವನ್ ಮತ್ತು ಸಂಗಡಿಗರ ಲೇಖನ ಈ ವಿಂಗಡಣೆಯ ಬುಡವನ್ನೇ ಅಲುಗಾಡಿಸಿತು. ಎದೆ ಹಿಡಿದುಕೊಂಡು ಬಂದವರಿಗೆ ಕೊನೆಗೆ ಬರೀ ಹುಳಿತೇಗು ಎಂದಾಗಬಹುದು. ಹೃದಯಾಘಾತವಾದವರೂ ಅದೇ ನೋವು ಹೇಳಿಕೊಂಡೇ ಬರುತ್ತಾರೆ. ಕೊನೆಯ ರೋಗನಿರ್ಣಯದ ಪ್ರಕಾರ ಕುಟುಂಬ ವೈದ್ಯರೇ ನೋಡಬಹುದಾಗಿದ್ದ ಭೇಟಿಗಳು ಶೇ. 6.3 ಮಾತ್ರ, ಆದರೆ ಆ ರೋಗಿಗಳು ಹೇಳಿಕೊಂಡಿದ್ದ ತೊಂದರೆಗಳೇ ಒಟ್ಟು ಭೇಟಿಗಳ ಶೇ. 88.7ರಲ್ಲೂ ಇದ್ದವು. ಓದಿದ ವೈದ್ಯರಿಗೇ ಪರೀಕ್ಷೆಯ ನಂತರ ತಿಳಿಯುವುದನ್ನು ರೋಗಿ ಮನೆಯಲ್ಲೇ ತಿಳಿದಿರಬೇಕಿತ್ತು ಎನ್ನುವುದು ಅನ್ಯಾಯ.

ಆ ಲೇಖನಕ್ಕೂ ಮೊದಲೇ, 2011ರಲ್ಲಿ, ಅಮೆರಿಕದ ವಾಷಿಂಗ್ಟನ್ ರಾಜ್ಯ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೈಡ್‌ನ ಬಡ ರೋಗಿಗಳಿಗೆ ತುರ್ತಲ್ಲದ ಭೇಟಿಗಳು ವರ್ಷಕ್ಕೆ ಮೂರೇ ಎಂದು ಮಿತಿ ಹಾಕಹೊರಟಿತು. ತುರ್ತು ಚಿಕಿತ್ಸಾ ವೈದ್ಯರು ನ್ಯಾಯಾಲಯಕ್ಕೆ ಹೋದರು. ಮರುವರ್ಷ ಆ ಹಾದಿ ಬಿಟ್ಟು, ಆಸ್ಪತ್ರೆಗಳು ಪದೇ ಪದೇ ಬರುವ ರೋಗಿಗಳ ಮಾಹಿತಿಯನ್ನು ಪರಸ್ಪರ ಹಂಚಿಕೊಳ್ಳುವುದು, ಅವರಿಗೆ ಆರೈಕೆ ಯೋಜನೆ ಬರೆಯುವುದು, ಕುಟುಂಬ ವೈದ್ಯರ ಭೇಟಿ ಗೊತ್ತುಮಾಡಿಕೊಡುವುದು ಜಾರಿಗೆ ಬಂತು.