ಕುಷ್ಟಗಿ ಎಂಬ ಲೋಕಸಭಾ ಕ್ಷೇತ್ರ

ದೇಶದ ಮೊದಲ ಲೋಕಸಭೆಯಲ್ಲಿ ಕೊಪ್ಪಳ ಎಂಬ ಹೆಸರಿನ ಕ್ಷೇತ್ರವೇ ಇರಲಿಲ್ಲ ಎಂದರೆ ಇಂದಿನ ವಿದ್ಯಾರ್ಥಿಗಳಿಗೆ ಆಶ್ಚರ್ಯವಾಗಬಹುದು. ನಮ್ಮ ಸೀಮೆಯ ಸ್ಥಾನಕ್ಕೆ ಆಗ ಕುಷ್ಟಗಿ ಎಂದು ಹೆಸರು. ಅದು ಹೈದರಾಬಾದ್ ರಾಜ್ಯದ 25 ಸ್ಥಾನಗಳಲ್ಲಿ ಒಂದು. ಅಲ್ಲಿಂದ 1952ರಲ್ಲಿ ಆರಿಸಿ ಹೋದವರು ಅಳವಂಡಿಯ ಶಿವಮೂರ್ತಿಸ್ವಾಮಿಗಳು. ಯಾವ ಪಕ್ಷದಿಂದಲೂ ಅಲ್ಲ, ಪಕ್ಷೇತರರಾಗಿ.

ಇದು ಎಷ್ಟು ದೊಡ್ಡ ಸಂಗತಿ ಎಂದು ತಿಳಿಯಬೇಕಾದರೆ ಆ ಕಾಲದ ಸ್ಥಿತಿ ತಿಳಿದಿರಬೇಕು. ಕೊಪ್ಪಳ ಮತ್ತು ಯಲಬುರ್ಗಾ ತಾಲೂಕುಗಳು ಸಾಲಾರಜಂಗ್ ಮನೆತನದ ಜಹಗೀರಿಗೆ ಸೇರಿದ್ದವು. ಕುಷ್ಟಗಿ, ಗಂಗಾವತಿಗಳು ನಿಜಾಮ ಸರಕಾರದ ರಾಯಚೂರು ಜಿಲ್ಲೆಯಲ್ಲಿದ್ದವು. ಕಚೇರಿಯ ಭಾಷೆ ಉರ್ದು, ಜನರ ಭಾಷೆ ಕನ್ನಡ. 1947ರ ಆಗಸ್ಟ್ 15ರಂದು ದೇಶಕ್ಕೆ ಸ್ವಾತಂತ್ರ್ಯ ಬಂದರೂ ನಮ್ಮ ಹಳ್ಳಿಗಳಿಗೆ ಅದು ಮುಟ್ಟಿದ್ದು 1948ರ ಸೆಪ್ಟೆಂಬರ್ 17ಕ್ಕೆ, ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ. ಜಹಗೀರು ರದ್ದಾದದ್ದು 1949ರಲ್ಲಿ. ಅದಾಗಿ ಮೂರು ವರ್ಷ ತುಂಬುವ ಮೊದಲೇ ಜಹಗೀರಿನ ರೈತನ ಕೈಗೆ ಮತಪತ್ರ ಬಂತು.

ಆ ನಡುವಿನ ಹದಿಮೂರು ತಿಂಗಳುಗಳಲ್ಲಿ ಗಡಿಯಾಚೆ, ಮುಂಬಯಿ ಪ್ರಾಂತದಲ್ಲಿದ್ದ ಮುಂಡರಗಿಯಲ್ಲಿ, ಶಿವಮೂರ್ತಿಸ್ವಾಮಿಗಳು ವಿಮೋಚನಾ ಶಿಬಿರ ನಡೆಸಿದರು. ಗಜೇಂದ್ರಗಡದ ಶಿಬಿರಕ್ಕೆ ಪುಂಡಲೀಕಪ್ಪ ಜ್ಞಾನಮೋಠೆ ಅವರ ಮುಂದಾಳುತನವಿತ್ತು. ನಿಜಾಮನ ಕರೋಡಗಿರಿ ನಾಕೆಗಳ ಮೇಲೆ ದಾಳಿ, ರಜಾಕಾರರ ಕಾಟಕ್ಕೆ ಎದುರು ನಿಲ್ಲುವುದು, ಊರು ಬಿಟ್ಟು ಬಂದವರಿಗೆ ಆಸರೆ, ಇವೆಲ್ಲ ಇಂಥ ಶಿಬಿರಗಳ ಕೆಲಸ. ಆದ್ದರಿಂದ ಚುನಾವಣೆ ಬಂದಾಗ ಸ್ವಾಮಿಗಳ ಪರಿಚಯವನ್ನು ಯಾರೂ ಮಾಡಿಕೊಡಬೇಕಾಗಿರಲಿಲ್ಲ.

ಮತದಾನದ ಕ್ರಮ ಈಗಿನದಲ್ಲ. ಮತಪತ್ರದ ಮೇಲೆ ಗುರುತು ಹಾಕುವಂತಿರಲಿಲ್ಲ. ಮತಗಟ್ಟೆಯ ಮರೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವರವರ ಚಿಹ್ನೆ. ಮನಸ್ಸಿಗೆ ಬಂದವರ ಪೆಟ್ಟಿಗೆಯಲ್ಲಿ ಚೀಟಿ ಹಾಕಿ ಬರುವುದಷ್ಟೆ. ಅಕ್ಷರ ಬಾರದವರಿಗೆ ಚಿಹ್ನೆಯೇ ಆಧಾರ. ಕಾಂಗ್ರೆಸ್ಸಿನ ಚಿಹ್ನೆ ಜೋಡೆತ್ತು. ಎರಿಹೊಲದ ಒಕ್ಕಲಿಗನಿಗೆ ಇದಕ್ಕಿಂತ ಹತ್ತಿರದ ಚಿತ್ರ ಇನ್ನಾವುದಿದ್ದೀತು? ಮೇಲಾಗಿ ಅದು ಗಾಂಧೀಜಿ, ನೆಹರೂ ಅವರ ಪಕ್ಷ. ಹೈದರಾಬಾದ್ ರಾಜ್ಯದಲ್ಲಿ ಆ ಪಕ್ಷ 14 ಲೋಕಸಭಾ ಸ್ಥಾನ ಗೆದ್ದಿತು. ಅಷ್ಟಾದರೂ ನಮ್ಮವರು ಜೋಡೆತ್ತನ್ನು ಬಿಟ್ಟು ತಾವು ಕಂಡ ಮನುಷ್ಯನನ್ನು ಆರಿಸಿದರು. ಇಡೀ ರಾಜ್ಯದಿಂದ ಲೋಕಸಭೆಗೆ ಹೋದ ಪಕ್ಷೇತರರು ಅವರೊಬ್ಬರೇ. ಓದು ಬಾರದ ಮತದಾರ ಚಿಹ್ನೆ ನೋಡಿ ಮರುಳಾಗುತ್ತಾನೆ ಎಂಬ ಮಾತನ್ನು ನಾನು ಒಪ್ಪದಿರುವುದು ಈ ಫಲಿತಾಂಶದಿಂದಾಗಿಯೇ.

ಆಗ ಮತದಾನದ ವಯಸ್ಸು 21. ಅಂದರೆ ಅಂದು ಮತ ಹಾಕಿದವರೆಲ್ಲ 1931ರ ಒಳಗೆ ಹುಟ್ಟಿದವರು. ಅಂಥ ಹಿರಿಯರು ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇದ್ದರೆ, ಮತಗಟ್ಟೆ ಎಲ್ಲಿತ್ತು, ಹೆಣ್ಣುಮಕ್ಕಳು ಬಂದಿದ್ದರೇ, ಯಾರು ಕರೆದೊಯ್ದರು ಎಂದು ಕೇಳಿ ಬರೆದಿಡಿರಿ. ಈ ವಿವರಗಳು ಸರಕಾರಿ ಕಡತಗಳಲ್ಲಿ ಸಿಗುವಂಥವಲ್ಲ.

ಮುಂದಿನ ಚುನಾವಣೆಯ ಹೊತ್ತಿಗೆ ಎಲ್ಲವೂ ಬದಲಾಗಿತ್ತು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿಯಿತು. ಗಂಗಾವತಿಯ ಕಡೆ ಜೋಳದ ಹೊಲಗಳು ಭತ್ತದ ಗದ್ದೆಗಳಾಗತೊಡಗಿದವು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಕ್ಷೇತ್ರದ ಹೆಸರು ಕೊಪ್ಪಳ ಎಂದಾಯಿತು. 1957ರಲ್ಲಿ ಕಾಂಗ್ರೆಸ್ಸಿನ ಸಂಗಣ್ಣ ಅಗಡಿಯವರು ಗೆದ್ದರು. 1962ರಲ್ಲಿ ಶಿವಮೂರ್ತಿಸ್ವಾಮಿಗಳು ಲೋಕ ಸೇವಕ ಸಂಘದಿಂದ ಮತ್ತೆ ಆರಿಸಿ ಬಂದರು. 1967ರಲ್ಲಿ ಪುನಃ ಅಗಡಿಯವರು. ಕುಷ್ಟಗಿಯ ಹೆಸರು ಮಾತ್ರ ಲೋಕಸಭೆಯ ಪಟ್ಟಿಗೆ ಮರಳಿ ಬರಲಿಲ್ಲ.